ಮೂರನೇ ಲೋಡಿನ ಸಹಿ

ಪಟ್ಟಿ ಅರ್ಧ ಮಾತ್ರ ಕಪ್ಪಾಗಿತ್ತು.

ಅವಳು ಅದನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದಳು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ನೋಡಿದಳು. ಎರಡು ಸಲ ನೋಡುವುದು ಅವಳ ಜಾಯಮಾನ. ಹೊರಡುವಾಗ ಮನೆಯ ಬೀಗವನ್ನು ಎರಡು ಸಲ ಜಗ್ಗುವವಳು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೆಟ್ಟಿಲಿಳಿದವಳು ಮತ್ತೆ ಹತ್ತುವವಳು. ಆಸ್ಪತ್ರೆಯ ನೆಲಮಾಳಿಗೆಯ ಈ ಕೋಣೆಯಲ್ಲಿ ಹದಿಮೂರು ವರ್ಷಗಳಿಂದ ಅವಳಿಗೆ 'ಎರಡ್ಸಲಕ್ಕ' ಎಂದೇ ಹೆಸರು. ಆದರೆ ಈ ಪಟ್ಟಿಯನ್ನು ಅವಳು ಬೆಳಿಗ್ಗೆ ಎಂಟಕ್ಕೆ ನೋಡಬೇಕಿತ್ತು. ಈಗ ಹತ್ತೂ ಮುಕ್ಕಾಲು.

ಆಪರೇಷನ್ನಿನ ಕತ್ತರಿ, ಚಿಮಟಗಳನ್ನು ಟ್ರೇಗಳಲ್ಲಿ ಜೋಡಿಸಿ, ಬಟ್ಟೆಯಲ್ಲಿ ಸುತ್ತಿ, ಹಬೆಯ ಯಂತ್ರದೊಳಗಿಟ್ಟು ಶುದ್ಧ ಮಾಡುವುದು ಆ ಕೋಣೆಯ ಕೆಲಸ. ಪ್ರತಿ ಲೋಡಿನ ನಡುವೆ ಪರೀಕ್ಷೆಗೆಂದು ಒಂದು ಪೊಟ್ಟಣ ಇಡುತ್ತಾರೆ. ಅದರೊಳಗೊಂದು ಬಿಳಿ ಪಟ್ಟಿ. ಹಬೆ ಒಳಗಿನವರೆಗೂ ಹೊಕ್ಕಿದ್ದರೆ ಪಟ್ಟಿ ಪೂರ್ತಿ ಕಪ್ಪಾಗುತ್ತದೆ. ಅದನ್ನು ಕಣ್ಣಾರೆ ಕಂಡ ಮೇಲೆ ಉಸ್ತುವಾರಿಯವರು ಒಂದೊಂದು ಟ್ರೇಯ ಕಾರ್ಡಿಗೂ ಸಹಿ ಹಾಕಬೇಕು. ಸಹಿ ಇಲ್ಲದ ಟ್ರೇಯನ್ನು ಮೇಲಿನವರು ಮುಟ್ಟುವುದಿಲ್ಲ. ಸಹಿ ಇದ್ದರೆ ಯಾರೂ ಏನೂ ಕೇಳುವುದಿಲ್ಲ.

ಇಬ್ಬರು ಕೆಲಸ ಬಿಟ್ಟು ಹೋದ ಮೇಲೆ, ಮೂರು ವಾರಗಳಿಂದ, ಅವಳು ಬೆಳಗಿನ ಚಹಾ ಕುಡಿಯುತ್ತಲೇ ಆ ದಿನದ ಕಾರ್ಡುಗಳಿಗೆಲ್ಲ ಒಟ್ಟಿಗೆ ಸಹಿ ಗೀಚಿಡುತ್ತಿದ್ದಳು. ಪಟ್ಟಿ ನೋಡುವುದು ಹೇಗೂ ನೋಡುತ್ತೇನಲ್ಲ ಎಂಬ ಧೈರ್ಯ. ಒಂದು ದಿನವೂ ತಪ್ಪಿಸಿರಲಿಲ್ಲ. ಇವತ್ತು ಎಂಟಕ್ಕೆ ತೊಳೆಯುವ ತೊಟ್ಟಿ ಕಟ್ಟಿಕೊಂಡು ನೀರು ಉಕ್ಕಿ, ಅವಳು ಮೊಣಕಾಲೂರಿ ಕೊಳವೆಗೆ ಕೈಹಾಕಿ ಕೂತಿದ್ದಾಗ ಮೂರನೇ ಲೋಡಿನ ಆರೂ ಟ್ರೇಗಳು ಲಿಫ್ಟ್ ಹತ್ತಿದವು. ಪೊಟ್ಟಣ ಮಾತ್ರ ಬಿಚ್ಚದೆ ಕಪಾಟಿನಲ್ಲೇ ಉಳಿಯಿತು.

"ಏನಕ್ಕ, ಮುಖ ಹಾಗಾಗಿದೆ?" ಓರಗಿತ್ತಿ ಕೈಗವಸು ಕಳಚುತ್ತ ಬಂದಳು. ಅವಳ ಮೈದುನನ ಹೆಂಡತಿ. ಎರಡು ವರ್ಷದ ಹಿಂದೆ ಇವಳನ್ನು ಅವಳೇ ಕೈಹಿಡಿದು ಕರೆತಂದು ಈ ಕೆಲಸಕ್ಕೆ ಸೇರಿಸಿದ್ದಳು. ಇವತ್ತು ಯಂತ್ರಕ್ಕೆ ಟ್ರೇ ತುಂಬಿದ್ದು ಓರಗಿತ್ತಿಯೇ.

ಅವಳು ಪಟ್ಟಿ ತೋರಿಸಿದಳು. ಓರಗಿತ್ತಿ ಅದನ್ನು ಕಿತ್ತುಕೊಂಡು ನೋಡಿದಳು.

"ಮೂರನೇದಾ? ಅದರಲ್ಲಿ ಎರಡು ಥಿಯೇಟರಿಗೆ ಹೋಗಿವೆ. ಹನ್ನೊಂದಕ್ಕೆ ಹೊಟ್ಟೆ ಆಪರೇಷನ್ ಇದೆ."

ಅವಳು ಫೋನಿನತ್ತ ಹೆಜ್ಜೆ ಹಾಕಿದಳು. ಓರಗಿತ್ತಿ ಅವಳ ಮೊಣಕೈ ಹಿಡಿದಳು.

"ತಡಿ. ಏನು ಹೇಳ್ತಿ?"

"ಇದ್ದದ್ದು."

"ಇದ್ದದ್ದು ಹೇಳಿದ್ರೆ ನಿನ್ನ ಕೆಲಸ ಹೋಗುತ್ತೆ. ಬರೋ ವಾರ ನಿನ್ನ ಉಸ್ತುವಾರಿ ಖಾಯಂ ಆಗೋದಿದೆ. ನಿನ್ನ ಜೊತೆ ನಾನೂ ಬೀದಿಗೆ ಬೀಳ್ತೀನಿ. ಅಕ್ಕ, ಬುದ್ಧಿ ಓಡಿಸು. ಸುತ್ತಿದ ಬಟ್ಟೆ ಹರಿದಿದೆ, ಟ್ರೇ ವಾಪಸ್ ಕೊಡಿ ಅನ್ನು. ರೋಗಿನೂ ಉಳೀತಾನೆ, ನಾವೂ ಉಳೀತೀವಿ. ಮಿಕ್ಕಿದ್ದನ್ನ ನಾನೇ ಹೋಗಿ ಸದ್ದಿಲ್ಲದೆ ಎತ್ಕೊಂಡು ಬರ್ತೀನಿ."

ಗೋಡೆಯ ಗಡಿಯಾರ ಹತ್ತೂ ಐವತ್ತು ತೋರಿಸುತ್ತಿತ್ತು. ಮಾತೇನೋ ಲೆಕ್ಕಕ್ಕೆ ಕೂರುವಂತಿತ್ತು. ಯಾರಿಗೂ ಕೆಡುಕಿಲ್ಲ.

ಹೋದ ಗುರುವಾರದ ಸಂಜೆ ಥಟ್ಟನೆ ನೆನಪಾಯಿತು. ವಾರಕ್ಕೊಮ್ಮೆ ಏಳೆಂಟು ಮಂದಿ ಸೇರಿ ಬೈಬಲ್ ಓದುವ ಟೀಚರಮ್ಮನ ಮನೆ. ಅಂದಿನ ವಾಕ್ಯಭಾಗ, ಆಣೆ ಪ್ರಮಾಣ ಬೇಡ, ಹೌದಾದರೆ ಹೌದೆನ್ನಿ, ಅಲ್ಲವಾದರೆ ಅಲ್ಲವೆನ್ನಿ ಎಂದು ಯೇಸು ಹೇಳಿದ್ದು. ಪಾಠ ನಡೆಸುವ ಸರದಿ ಅವಳದಾಗಿತ್ತು. ಹಿಂದಿನ ಅಧ್ಯಾಯ, ಮುಂದೆ ಬರುವ ಶಿಷ್ಯರ ಪತ್ರಗಳು ಎಲ್ಲ ಜೋಡಿಸಿ, ಒಂದು ಮಾತೂ ಎಡವದೆ ಮುಕ್ಕಾಲು ಗಂಟೆ ವಿವರಿಸಿದ್ದಳು.

"ಅಕ್ಕ, ನೀವು ಹೀಗೆ ಶುರುಮಾಡಿದ್ರೆ ಪಾದ್ರಿಗಳು ರಜಾ ಅರ್ಜಿ ಬರೀಬೇಕಾಗುತ್ತೆ," ಎಂದು ಗುಂಪಿನಲ್ಲಿದ್ದ ಟ್ಯಾಕ್ಸಿ ಓಡಿಸುವವನೊಬ್ಬ ನಗಿಸಿದ್ದ.

ಟೀಚರಮ್ಮ ಮಾತ್ರ ನಕ್ಕಿರಲಿಲ್ಲ. ಅವರದೊಂದು ಕಟ್ಟುನಿಟ್ಟು: ಅರ್ಥವಾದದ್ದನ್ನು ಹೇಳಿದರೆ ಅರ್ಧ ಪಾಠ, ಮಾಡಿದ್ದನ್ನು ಬಂದು ಹೇಳಿದರೆ ಪೂರ್ತಿ. "ಚೆನ್ನಾಗಿ ಹೇಳಿದೆ ಮಗಳೇ. ಈಗ ಇದನ್ನ ಕೇಳು. ದಿನಾ ನೀನು ಎಲ್ಲೆಲ್ಲಿ 'ಹೌದು' ಅಂತೀಯ? ಎಣಿಸಿ ನೋಡಿಕೊಂಡು ಬಾ."

ಅವಳು ಎಣಿಸಿದ್ದಳು. ಗಂಡನಿಗೆ ಅಂದದ್ದು, ಅತ್ತೆಗೆ ಅಂದದ್ದು, ಚರ್ಚಿನ ಬಾಗಿಲಲ್ಲಿ 'ಚೆನ್ನಾಗಿದ್ದೀರಾ' ಎಂದವರಿಗೆ ಅಂದದ್ದು. ದಿನಕ್ಕೆ ನಲವತ್ತು ಕಾರ್ಡುಗಳ ಮೇಲೆ ನೀಲಿ ಶಾಯಿಯಲ್ಲಿ ಅನ್ನುತ್ತಿದ್ದುದು ಎಣಿಕೆಗೇ ಬಂದಿರಲಿಲ್ಲ.

"ಅಕ್ಕ, ಬೇಗ!" ಓರಗಿತ್ತಿ ರಿಸೀವರನ್ನು ಅವಳ ಕೈಗೆ ತುರುಕಿದಳು.

"ಥಿಯೇಟರ್." ಹಿರಿಯ ಸಿಸ್ಟರಿನ ಕತ್ತರಿಸಿದಂಥ ದನಿ.

"ಕೆಳಗಿನಿಂದ ಮಾತಾಡ್ತಿದ್ದೀನಿ. ಹನ್ನೊಂದರ ಕೇಸಿಗೆ ಕಳಿಸಿದ ದೊಡ್ಡ ಟ್ರೇ..." ಓರಗಿತ್ತಿಯ ಕಣ್ಣು ಅವಳ ತುಟಿಗಳ ಮೇಲೇ ಇತ್ತು. "ಅದರ ಬಟ್ಟೆ ಹರಿದಿರಬಹುದು. ವಾಪಸ್ ಕಳಿಸಿಬಿಡಿ."

"ಹರಿದಿರಬಹುದಾ? ನಾನು ತಿರುಗಿಸಿ ಮುರುಗಿಸಿ ನೋಡಿದ್ದೀನಿ. ಇವತ್ತೇನು, ಮೂರನೇ ಸಲ ನೋಡೋ ಹುರುಪು ಬಂತಾ?"

"ಒಂದು ಅನುಮಾನ, ಅಷ್ಟೆ."

"ಆಯ್ತು ಮಾರಾಯ್ತಿ. ನಿಮಗೆ ಅನುಮಾನ ಅಂದ್ರೆ ನಾನು ಮುಟ್ಟಲ್ಲ. ಪಕ್ಕದಲ್ಲೇ ಇನ್ನೊಂದಿದೆ, ಅದೂ ಮೂರನೇ ಲೋಡಿಂದು. ಅದನ್ನೇ ಬಿಚ್ತೀನಿ. ನಿಮ್ಮ ಸಹಿ ಇದೆಯಲ್ಲ, ಸಾಕು."

ಆ ಕಡೆಯಿಂದ ಅಂಟುಪಟ್ಟಿ ಕೀಳುವ ಚರ್ ಎಂಬ ಸದ್ದು ಬಂತು.

"ಬಿಚ್ಚಬೇಡಿ!"

"ಏನ್ರೀ ಹಾಗೆ ಕಿರಿಚ್ತೀರಿ? ರೋಗಿಗೆ ಮತ್ತು ಬರೋ ಮದ್ದು ಕೊಟ್ಟಾಗಿದೆ."

"ಆ ಸಹಿ ಸುಳ್ಳು," ಅವಳು ಹೇಳಿದಳು. "ಪಟ್ಟಿ ನೋಡದೆ ಮೊದಲೇ ಹಾಕಿಟ್ಟಿದ್ದು. ಈಗ ನೋಡಿದೆ, ಅರ್ಧಕ್ಕೇ ನಿಂತಿದೆ. ಮೂರನೇ ಲೋಡಿನ ಯಾವ ಟ್ರೇನೂ ಮುಟ್ಟಬೇಡಿ. ಬಟ್ಟೆ ಹರಿದಿದೆ ಅಂದಿದ್ದೂ ಸುಳ್ಳೇ."

ಓರಗಿತ್ತಿ ಅವಳ ಮೊಣಕೈ ಬಿಟ್ಟಳು.

"ಇನ್ನೊಂದು ಸಲ ಹೇಳಿ," ಎಂದಳು ಸಿಸ್ಟರ್. "ಸ್ಪೀಕರ್ ಹಾಕಿದ್ದೀನಿ. ಡಾಕ್ಟ್ರಿಗೂ ಕೇಳಿಸ್ಲಿ."

ಎಲ್ಲವನ್ನೂ ಎರಡು ಸಲ ಮಾಡುವವಳಿಗೆ ಆ ಎರಡನೇ ಸಲದಷ್ಟು ಭಾರದ್ದು ಇನ್ನೊಂದಿರಲಿಲ್ಲ. ಆದರೂ ಒಂದಕ್ಷರ ಬಿಡದೆ ಹೇಳಿದಳು. ಗಂಡಸಿನ ದನಿಯೊಂದು ದೂರದಲ್ಲಿ ಬೈಯಿತು. ಸಿಸ್ಟರ್ ಕೇಳಿದಳು, "ಎರಡನೇ ಲೋಡಿನ ಟ್ರೇ ಒಂದಿದೆ. ಅದರ ಪಟ್ಟಿ ನೋಡಿದ್ದೀರಾ, ಅದಕ್ಕೂ ಬರೀ ಸಹಿನಾ?"

"ಬೆಳಿಗ್ಗೆ ನೋಡಿದ್ದೆ. ತಡೀರಿ." ಡಬ್ಬಿಯಿಂದ ಆ ಪಟ್ಟಿ ಎತ್ತಿ ದೀಪಕ್ಕೆ ಹಿಡಿದಳು. "ಈಗ ಕೈಯಲ್ಲಿದೆ. ಪೂರ್ತಿ ಕಪ್ಪು."

ಫೋನ್ ಕಡಿಯಿತು.

ಕಾಲು ಗಂಟೆಯೊಳಗೆ ದಾದಿಯರ ಮುಖ್ಯಸ್ಥೆ ಮೇಟ್ರನ್ ಮೆಟ್ಟಿಲಿಳಿದು ಬಂದರು. ಅರ್ಧ ಕಪ್ಪಾದ ಪಟ್ಟಿಯನ್ನು ಮೇಜಿನ ಮೇಲಿಟ್ಟುಕೊಂಡು, ಸ್ವರ ಏರಿಸದೆ ಕೇಳಿದರು. ಅವರು ಕೂಗಿದ್ದರೇ ಅವಳಿಗೆ ಹಗುರಾಗುತ್ತಿತ್ತೇನೋ.

"ಎಷ್ಟು ದಿನದಿಂದ ಹೀಗೆ?"

"ಮೂರು ವಾರ."

"ಒಂದೇ ಲೋಡಿಗೆ ಆರು ಟ್ರೇ ಒತ್ತೊತ್ತಾಗಿ ತುಂಬಿದ್ದು ಯಾರು? ಹಬೆ ಹೋಗೋಕೆ ಜಾಗವೇ ಇರಲಿಲ್ಲ ಅನಿಸುತ್ತೆ."

ಓರಗಿತ್ತಿ ನೆಲ ನೋಡುತ್ತ ನಿಂತಿದ್ದಳು. ಅವಳನ್ನು ಪಾರು ಮಾಡಲು ಒಂದು ಸಣ್ಣ ಸುಳ್ಳು ಸಾಕಿತ್ತು. ನಾಲಗೆಯ ತುದಿಗೂ ಬಂತು. "ತುಂಬಿದ್ದು ಇವಳು," ಎಂದಳು. "ಹೊತ್ತಾಗ್ತಿದೆ, ಆರೂ ಒಟ್ಟಿಗೆ ತುರುಕು ಅಂದಿದ್ದು ನಾನು. ನಾಲ್ಕು ಸಾಕಲ್ವಾ ಅಂತ ಇವಳು ಕೇಳಿದ್ದಳು."

ಮೇಟ್ರನ್ ಕೈ ಚಾಚಿದರು. ಅವಳು ಕಾರ್ಡುಗಳ ಕಟ್ಟನ್ನೂ ಕಪಾಟಿನ ಕೀಲಿಯನ್ನೂ ಆ ಅಂಗೈಯಲ್ಲಿಟ್ಟಳು.

"ಇವತ್ತಿಂದ ನೀವು ತೊಟ್ಟಿ ಕಡೆ. ಸಹಿ ಬೇರೆಯವರದ್ದು. ವಿಚಾರಣೆ ಆಗುತ್ತೆ, ಕೆಲಸ ಉಳಿಯುತ್ತೋ ಇಲ್ವೋ ನಾನು ಹೇಳಲಾರೆ." ಆಮೇಲೆ ಪಟ್ಟಿಯತ್ತ ನೋಡಿ, "ಐದು ಟ್ರೇ ಸಿಕ್ಕಿವೆ. ಆರನೇದು ಹೆರಿಗೆ ವಾರ್ಡಿಗೆ ಹೋಗಿತ್ತು. ಒಂಬತ್ತೂವರೆಗೆ ಒಬ್ಬಳಿಗೆ ಅದರಿಂದ ಹೊಲಿಗೆ ಹಾಕಿದ್ದಾರೆ," ಎಂದರು.

"ಆಕೆಗೆ ಗೊತ್ತಾ?" ಅವಳು ಕೇಳಿದಳು.

"ಡಾಕ್ಟರ್ ಈಗ ಹೋಗಿ ಆಕೆಗೆ ಹೇಳ್ತಾರೆ. ಔಷಧಿ ಶುರು ಮಾಡಿದ್ದಾರೆ."

"ನಾನೂ ಬರಲಾ?"

ಮೇಟ್ರನ್ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮನ್ನ ಯಾರೂ ಕರೆದಿಲ್ಲ."

"ಗೊತ್ತು."

ಹೊರಡುವಾಗ ಓರಗಿತ್ತಿ ಹಿಂದಿನಿಂದ ಅಂದಳು, "ನಾಲ್ಕು ಸಾಕಲ್ವಾ ಅಂದಿದ್ದು ನಿನಗೆ ಕೇಳಿಸೇ ಇಲ್ಲ ಅಂದ್ಕೊಂಡಿದ್ದೆ." ದನಿಯಲ್ಲಿ ಸಿಟ್ಟೇ ಇತ್ತು. ಆದರೂ ಅವಳ ಒದ್ದೆ ಏಪ್ರನ್ನಿನ ಗಂಟನ್ನು ತಾನೇ ಬಿಚ್ಚಿ ತೆಗೆದುಕೊಂಡಳು.

ಹೆರಿಗೆ ವಾರ್ಡಿನ ಕೊನೆಯ ಮಂಚ. ಇಪ್ಪತ್ತೈದೂ ತುಂಬದ ಹೆಂಗಸು, ಮಗ್ಗುಲಲ್ಲಿ ಮುಷ್ಟಿಯಷ್ಟು ಮುಖದ ಕೂಸು. ಡಾಕ್ಟರ್ ತಗ್ಗಿದ ದನಿಯಲ್ಲಿ ಎಲ್ಲ ಹೇಳಿ, ಜ್ವರದ ಚೀಟಿ ನೋಡಿ, ಮುಂದಿನ ಮಂಚಕ್ಕೆ ಹೋದರು. ಹೆಂಗಸಿನ ಕಣ್ಣು ಉಳಿದವಳ ಮೇಲೆ ನಿಂತಿತು.

"ನೀವು ಯಾರು?"

"ಆ ಕಾರ್ಡಿಗೆ ಸಹಿ ಹಾಕಿದವಳು. ನೋಡದೆ ಹಾಕಿದೆ. ತಪ್ಪು ನನ್ನದು."

ಹೆಂಗಸು ಕೂಸನ್ನು ಒತ್ತಿಕೊಂಡಳು. ಬೈಯುತ್ತಾಳೆಂದು ಅವಳು ಕಾದಳು. ಬೈಗುಳ ಬರಲಿಲ್ಲ.

"ನನಗೇನೂ ಆಗಲ್ಲ, ಅಲ್ವಾ? ಏನೂ ಆಗಲ್ಲ ತಾನೇ?"

ಹೌದು ಎನ್ನುವುದು ಎಷ್ಟು ಸುಲಭವಾಗಿತ್ತು. ಆ ಮುಖ ಆ ಒಂದೇ ಮಾತನ್ನು ಬೇಡುತ್ತಿತ್ತು. ಅವಳು ಸ್ಟೂಲನ್ನು ಎಳೆದುಕೊಂಡು ಕೂತಳು. ನಿಂತು ಹೇಳುವ ಮಾತಾಗಿರಲಿಲ್ಲ ಅದು.

"ನನಗೆ ಗೊತ್ತಿಲ್ಲ," ಎಂದಳು. "ಔಷಧಿ ಹಿಡಿಯುತ್ತೆ ಅಂತ ಡಾಕ್ಟ್ರು ಹೇಳ್ತಾರೆ. ಚಳಿ, ಜ್ವರ, ಹೊಲಿಗೇಲಿ ನೋವು, ಏನು ಬಂದ್ರೂ ತಕ್ಷಣ ಕೂಗಿ. ನಾನು ಕೆಳಗೇ ಇರ್ತೀನಿ. ಅಲ್ಲಿಂದ ತೆಗೆದು ಹಾಕಿದ್ರೆ ಮನೆಯಿಂದ ಬರ್ತೀನಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ."

ಹೆಂಗಸು ಗೋಡೆಯ ಕಡೆ ತಿರುಗಿದಳು. ಅವಳು ಸ್ಟೂಲಿನಿಂದ ಎದ್ದು ಹೋಗಲಿಲ್ಲ. ದಾದಿ ಜ್ವರ ನೋಡುವ ಕಡ್ಡಿ ತಂದಾಗ, ಪಾದರಸ ನಿಂತ ಗೆರೆಯನ್ನು ತಾನೂ ಬಗ್ಗಿ ನೋಡಿದಳು. ಆಮೇಲೆ ಇನ್ನೊಮ್ಮೆ ನೋಡಿದಳು.