ಉತ್ತರ ಕೊಡದವರು

ಕಂಪ್ಯೂಟರಿಗೆ ಬುದ್ಧಿ ಕಲಿಸಲು ಹೊರಟ ಮಧುಮತಿಯ ಬುದ್ಧಿಯೇ ಕೆಟ್ಟುಹೋಗುವಂತಾಗಿತ್ತು. ಎರಡು ಸಾವಿರದ ಏಳರ ಮಾತು. ಜಯನಗರದ ಒಂದು ಸಂಶೋಧನಾ ಕಚೇರಿಯಿಂದ ದಿನಾ ಬೆಳಿಗ್ಗೆ ಬಿ.ಪಿ. ರೋಗಿಗಳ ಮೊಬೈಲಿಗೆ ಎಸ್ಸೆಮ್ಮೆಸ್ ಹೋಗುತ್ತಿತ್ತು: ಮಾತ್ರೆ ತಗೊಂಡಿದ್ದರೆ ಉತ್ತರ ಕಳಿಸಿ. ಆ ಉತ್ತರಗಳಿಂದ ಕಲಿತು, ಯಾರು ಮಾತ್ರೆ ಬಿಡುತ್ತಾರೆಂದು ಮುಂಚೆಯೇ ಊಹಿಸುವ ಪ್ರೋಗ್ರಾಂ ಬರೆಯುವುದು ಅವಳ ಕೆಲಸ. ಪ್ರೋಗ್ರಾಮೇನೋ ಕಲಿಯಿತು, ಆದರೆ ಕಲಿತದ್ದು ಪೂರ್ತಿ ಉಲ್ಟಾ! ಉತ್ತರವನ್ನೇ ಕೊಡದವರ ಬಿ.ಪಿ. ಕ್ಲಿನಿಕ್ಕಿನಲ್ಲಿ ಅಳೆದಾಗ ಎಲ್ಲರಿಗಿಂತ ಚೆನ್ನಾಗಿತ್ತು. ಮಾತ್ರೆ ನುಂಗದೆ ಬಿ.ಪಿ. ಇಳಿಯುವುದೆಂದರೇನು, ಪವಾಡವೇ?

“ಅವ್ರನ್ನೆಲ್ಲ ಸೋಮವಾರ ಸ್ಟಡಿಯಿಂದ ತೆಗೆದುಬಿಡು,” ಎಂದರು ಮುಖ್ಯಸ್ಥೆ ಡಾಕ್ಟರ್ ಗಿರಿಜಾದೇವಿ. ತೆಗೆದರೆ ಅವರಿಗೆ ಸಿಗುತ್ತಿದ್ದ ಪುಕ್ಕಟೆ ಮಾತ್ರೆಯೂ ನಿಲ್ಲುತ್ತದೆ.

“ಯಾಕೆ ಹೀಗೆ ಅಂತ ತಿಳ್ಕೊಳ್ದೆ ಹೇಗೆ ತೆಗೆಯೋದು ಮೇಡಂ?”

“ಸುಮ್ನೆ ತಲೆಗೆ ಹುಳ ಬಿಟ್ಕೋಬೇಡಮ್ಮ.”

ಬಿಟ್ಟುಕೊಂಡಾಗಿತ್ತು. ಶನಿವಾರ ಮಧ್ಯಾಹ್ನ ಊಟವನ್ನೂ ಮರೆತು ಬಿಟಿಎಂ ಲೇಔಟಿನ ಬಸ್ಸು ಹತ್ತಿದಳು. ಅಲ್ಲಿ ಬಾಡಿಗೆಗಿದ್ದ, ಬಾಗಲಕೋಟೆ ಕಡೆಯ ರೇಣುಕವ್ವ ಒಂದು ದಿನವೂ ಉತ್ತರ ಕಳಿಸಿದವಳಲ್ಲ.

ಯಾಕೆಂದು ಕೇಳಿದ್ದೇ ತಡ, ರೇಣುಕವ್ವ ಕೆರಳಿದಳು. “ಏನ್ ಮಾತಾಡ್ತೀಯವ್ವಾ! ದಿನಾ ಗುಳಿಗಿ ನುಂಗಿದ ಕೂಡ್ಲೇ ಮಿಸ್ ಕಾಲ್ ಕೊಡ್ತೀನಲ್ಲ!”

“ಮಿಸ್ ಕಾಲಾ?”

“ಹೂಂ ಮತ್ತ! ದವಾಖಾನಿ ಪಾಳಿಯೊಳಗ ಕುಂತಾಗ ನಾವೆಲ್ಲಾ ಮಾತಾಡ್ಕೊಂಡೇವಿ. ಗುಳಿಗಿ ತಗೊಂಡ್ವಿ ಅಂದ್ರ ಒಂದು ಮಿಸ್ ಕಾಲ್. ಆರಾಮಿಲ್ಲ ಅಂದ್ರ ಮ್ಯಾಲಿಂದ ಮ್ಯಾಲೆ ಕೊಡೋದು, ನೀವಾ ತಿರುಗಿ ಮಾಡ್ಲಿ ಅಂತ. ಮಿಸ್ ಕಾಲಿನಾಗ ಆಗೋ ಕೆಲಸಕ್ಕ ರೊಕ್ಕಾ ಯಾಕ ಸುಡ್ಬೇಕು?”

ಮಧುಮತಿಗೆ ನಗು ತಡೆಯಲಾಗಲಿಲ್ಲ. ಎಲಾ ಇವರ! ಪಾಳಿಯಲ್ಲಿ ಕೂತು ತಮ್ಮದೇ ಕಾನೂನು ಮಾಡಿಕೊಂಡು ನಮಗೊಂದು ಮಾತು ಹೇಳಬಾರದಿತ್ತೆ? ನೇಮವಾಗಿ ಮಾತ್ರೆ ನುಂಗುವವರೇ ನೇಮವಾಗಿ ಮಿಸ್ ಕಾಲ್ ಕೊಟ್ಟಿದ್ದರು. ಕಚೇರಿ ಅವರನ್ನು ಮಾತ್ರೆಗಳ್ಳರ ಸಾಲಿಗೆ ಸೇರಿಸಿತ್ತು.

ಓಡಿಬಂದವಳೇ, ಕಂಪ್ಯೂಟರಿಗೆ ತಗುಲಿಸಿದ್ದ ಎಸ್ಸೆಮ್ಮೆಸ್ ಫೋನನ್ನು ಬಿಡಿಸಿ ಗಿರಿಜಾದೇವಿಯವರ ಮುಂದೆ ಹಿಡಿದು, ರೇಣುಕವ್ವ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದಳು. ಕಿರಿಕಿರಿಯೆಂದು ಆ ಫೋನಿನ ಸದ್ದನ್ನು ಮೊದಲ ದಿನವೇ ಅಡಗಿಸಿದ್ದರು. ಪರದೆ ತುಂಬ ಮಿಸ್ ಕಾಲ್.

“ಎಲ್ಲ ನಮ್ಮವ್ರೇ ಮೇಡಂ! ಯಾರನ್ನೂ ತೆಗೆಯೋ ಹಾಗಿಲ್ಲ.”

ಗಿರಿಜಾದೇವಿ ಕನ್ನಡಕ ಏರಿಸಿದರು. “ಬೆಳಿಗ್ಗೆಯಿಂದ ಇದೊಂದೇ ನಂಬರ್ ಇಷ್ಟು ಸಲ ಬಂದಿದೆಯಲ್ಲ, ಯಾರದಿದು?”

ಮಧುಮತಿಯ ನಗು ಅಲ್ಲೇ ಇಂಗಿತು. ಚಿಕ್ಕಲಸಂದ್ರದ ಕರಿಬಸವಯ್ಯನವರದು. ಸೋಮವಾರ ತೆಗೆಯಬೇಕಾದವರಲ್ಲಿ ಅವರೂ ಒಬ್ಬರು. ಅಷ್ಟರಲ್ಲಿ ಅದೇ ನಂಬರ್ ಮತ್ತೆ ಬೆಳಗಿತು. ಗಿರಿಜಾದೇವಿ ಫೋನು ಕಸಿದುಕೊಂಡು ಎತ್ತಿದರು.

“ಅಯ್ಯೋ, ಯಾಕಮ್ಮಾ ಎತ್ತಿದ್ರಿ?” ಏದುಸಿರಿನ ದನಿ ಗದರಿತು. “ಕರೆನ್ಸಿ ಹೋಗುತ್ತೆ, ಕಟ್ ಮಾಡಿ! ನೀವೇ ಮಾಡಿ. ಬೇಗ ಮಾಡಿ ಮೇಡಂ, ಕಣ್ಣು ಕತ್ತಲೆ ಬರ್ತಾ ಇದೆ.”

ಗಿರಿಜಾದೇವಿ ಕಟ್ ಮಾಡಿದರು. ಮಧುಮತಿ ಆಟೋ ಕರೆಯಲು ಬೀದಿಗೆ ಓಡಿದಳು. ಡಾಕ್ಟರು ಅವಳ ಹಿಂದೆಯೇ ಮೆಟ್ಟಿಲಿಳಿಯುತ್ತ ತಮ್ಮ ಮೊಬೈಲಿನಿಂದ ಆ ನಂಬರಿಗೆ ಮಾಡಿದರು.

ಮೊದಲ ರಿಂಗಿಗೇ ಎತ್ತಿದರು ಕರಿಬಸವಯ್ಯ. “ಹಾಂ, ಈಗ ಹೇಳ್ತೀನಿ ಕೇಳಿ.”