ಎಪ್ಪತ್ತೆರಡರ ತಂಡದ ಎಡಗಡೆ ಆಟಗಾರ

ಕೆನಡಾದ ಹೇಜಲ್ ಬ್ಲಫ್ ಊರಿನಲ್ಲಿ, ಐಸ್ ಮೇಲೆ ಆಡುವ ರಿಂಕಿನ ಕ್ಯಾಂಟೀನಿನಲ್ಲಿ, ಪ್ರತಿ ಚಳಿಗಾಲವೂ ದೇಶದ ಐಸ್ ಹಾಕಿ ತಂಡದ ಆಯ್ಕೆ ನಡೆಯುತ್ತದೆ. ನಗಬೇಡಿ. ಆ ತಂಡ ಎಲ್ಲಿಗೂ ಹೋಗುವುದಿಲ್ಲ, ಅದರ ಅರ್ಧ ಆಟಗಾರರು ಮಣ್ಣು ಸೇರಿಯೂ ಆಗಿದೆ. ಆದರೂ ಮಂತ್ರಿಮಂಡಲ ಕಟ್ಟುವಾಗ ಕೂಡ ಇಷ್ಟು ಜಗಳ ಆಗಲಿಕ್ಕಿಲ್ಲ. ಸಾವಿರದ ಒಂಬೈನೂರ ಎಪ್ಪತ್ತರಿಂದ ಎಪ್ಪತ್ತಾರರವರೆಗೆ ಕೆನಡಾ ಮುನಿಸಿಕೊಂಡು ಕೂತಿತ್ತಲ್ಲ, ಸಂಬಳಕ್ಕೆ ಆಡುವವರನ್ನು ಸೇರಿಸಬೇಕೋ ಬೇಡವೋ ಎಂಬ ತಕರಾರಿನಲ್ಲಿ ವಿಶ್ವ ಪಂದ್ಯಾವಳಿಗೂ ಒಲಿಂಪಿಕ್ಸಿಗೂ ತಂಡವನ್ನೇ ಕಳಿಸದೆ, ಆ ಏಳು ವರ್ಷಗಳದ್ದೇ ಇಲ್ಲಿ ಸೇರುವ ಹಳೇ ಆಟಗಾರರ ಬಾಬತ್ತು. ಕಳಿಸಿದ್ದರೆ ಯಾರನ್ನು ಕಳಿಸಬೇಕಿತ್ತು? ಚಳಿಗಾಲಕ್ಕೊಂದು ವರ್ಷದ ತಂಡ. ಹಗಲು ಗ್ಯಾರೇಜಿನಲ್ಲೋ ಧಾನ್ಯದ ಗೋದಾಮಿನಲ್ಲೋ ದುಡಿದು ಸಂಜೆ ಸ್ಕೇಟು ಕಟ್ಟುತ್ತಿದ್ದ ಈ ಬಯಲುಸೀಮೆಯ ಹುಡುಗರಿಗೆ ಮಾತ್ರ ಅದರಲ್ಲಿ ಜಾಗ.

ನಿಯಮ ಒಂದೇ, ಆದರೆ ಕಟ್ಟುನಿಟ್ಟು. ಜೊತೆಗೆ ಆಡಿದವನ ಹೊಗಳಿಕೆ ಲೆಕ್ಕಕ್ಕಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಅದಕ್ಕೆ. ಎದುರು ತಂಡದಲ್ಲಿ ಆಡಿದವನೊಬ್ಬ ಎದ್ದುನಿಂತು, ‘ಇವನು ನನ್ನನ್ನು ಹೀಗೆ ಸೋಲಿಸಿದ’ ಎಂದು ಹೇಳಬೇಕು. ಆಗ ಮಾತ್ರ ಕ್ಯಾಂಟೀನಿನ ಡೆಲ್ಫೀನ್ ತನ್ನ ಪುಸ್ತಕದಲ್ಲಿ ಹೆಸರು ಬರೆಯುವುದು.

ಆ ಶನಿವಾರ ಬೆಳಿಗ್ಗೆ ಎಪ್ಪತ್ತೆರಡರ ಸರದಿ. ಕಾಸ್ಪರ್ ಮನೆಯಿಂದ ಒಲ್ಲದ ಮನಸ್ಸಿನಿಂದಲೇ ಹೊರಟಿದ್ದ. ನಲವತ್ತು ವರ್ಷ ಆ ರಿಂಕಿನಲ್ಲಿ ಐಸ್ ಕಟ್ಟಿದವನು ಅವನು. ನೀರು ಹೊಯ್ಯುವುದು, ಕೆರೆಯುವುದು, ಮತ್ತೆ ನೀರು ಹೊಯ್ಯುವುದು, ಅದೇ ಅವನ ಬದುಕು. ಎಪ್ಪತ್ತೆರಡರ ಮಾತು ಬಂದಾಗಲೆಲ್ಲ ಏನಾದರೂ ನೆಪ ಹೇಳಿ ಬೇರೆ ವರ್ಷಕ್ಕೆ ತಳ್ಳಿಬಿಡುತ್ತಿದ್ದ. ಈ ಸಲ ಉಳಿದದ್ದೇ ಅದೊಂದು, ತಳ್ಳುವುದೆಲ್ಲಿಗೆ?

ಆ ವರ್ಷದ ಮಾರ್ಚಿನಲ್ಲಿ, ಇದೇ ರಿಂಕಿನಲ್ಲಿ, ಪಕ್ಕದೂರು ಡನ್ವಿಕ್ ಎದುರಿನ ಕೊನೇ ಪಂದ್ಯದಲ್ಲಿ ಓರೆಸ್ಟನ ಕಾಲು ಮುರಿಯಿತು. ಇಡೀ ಜಿಲ್ಲೆಯಲ್ಲಿ ಅವನಂಥ ಎಡಗಡೆ ಆಟಗಾರ ಇನ್ನೊಬ್ಬನಿರಲಿಲ್ಲ. ಪಕ್ ಎಂಬ ಆಟದ ಬಿಲ್ಲೆಯನ್ನು ಕೋಲಿನಿಂದ ತಳ್ಳುತ್ತ ಒಬ್ಬನೇ ನುಗ್ಗುತ್ತಿದ್ದವನು ಐಸ್ ಮೇಲಿನ ನೀಲಿ ಗೆರೆಯ ಹತ್ತಿರ ಧೊಪ್ಪನೆ ಬಿದ್ದ. ಸ್ಕೇಟು ಐಸಿನ ಸೀಳಿನಲ್ಲಿ ಸಿಕ್ಕಿಕೊಂಡಿತು ಎಂದು ಅವನೇ ಹೇಳಿದ. ಅಂದಿನಿಂದ ಇಂದಿನವರೆಗೂ ಕುಂಟುತ್ತಾನೆ. ಆ ಸೀಳು ಕಾಸ್ಪರನಿಗೆ ಗೊತ್ತಿತ್ತು. ಎರಡನೇ ವಿರಾಮದಲ್ಲಿ ಕಂಡು, ಸಮಯವಿಲ್ಲದೆ, ಒಂದು ಹಿಡಿ ಹಿಮ ತುರುಕಿ ಮೇಲೆ ನೀರು ಸುರಿದು ಬಂದಿದ್ದ. ಅದು ಗಟ್ಟಿಯಾಯಿತೋ ಇಲ್ಲವೋ ಎಂದು ಹಿಮ್ಮಡಿಯಿಂದ ಒತ್ತಿ ನೋಡಲಿಲ್ಲ. ಯಾರೂ ಅವನನ್ನು ಬೈಯಲಿಲ್ಲ, ‘ಅವತ್ತು ಐಸ್ ಸರಿ ಇರಲಿಲ್ಲ ಬಿಡಿ’ ಎಂದು ಸುಮ್ಮನಾದರು. ಬೈದಿದ್ದರೇ ವಾಸಿಯಿತ್ತು. ಅವನು ಬಾಯಿ ಬಿಡಲಿಲ್ಲ. ಬದಲಿಗೆ ಪ್ರತಿ ಚಳಿಗಾಲ ಬೆಳಿಗ್ಗೆ ಆರಕ್ಕೆ ಎದ್ದು, ಎದುರುಮನೆಯ ಓರೆಸ್ಟನ ಬಾಗಿಲಲ್ಲಿ ಬಿದ್ದ ಹಿಮವನ್ನೆಲ್ಲ ಸಲಿಕೆಯಿಂದ ಎತ್ತಿಹಾಕಿ ಬರುತ್ತಿದ್ದ. ಹೀಗೆ ನಲವತ್ತಾರು ಚಳಿಗಾಲ.

ಡೆಲ್ಫೀನ್ ದಾಲ್ಚಿನ್ನಿ ಬನ್ನಿನ ತಟ್ಟೆ ತಂದಿಟ್ಟು, ಕನ್ನಡಕ ಮೂಗಿಗೇರಿಸಿ ಪುಸ್ತಕ ತೆರೆದಳು. ಗೋಲ್‌ಕೀಪರ್, ಹಿಂಬದಿಯವರು, ನಡುವಿನವರು, ಎಲ್ಲ ಒಂದು ಗಂಟೆಯ ಕಚ್ಚಾಟದಲ್ಲಿ ಮುಗಿಯಿತು. ಕೊನೆಗೆ ಎಡಗಡೆ. ಓರೆಸ್ಟ್ ಎದುರಿಗೇ ಕೂತು, ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಬನ್ನಿನ ಸುರುಳಿ ಬಿಚ್ಚುತ್ತಿದ್ದ. ಅವನ ಎದುರು ಆಡಿದ್ದ ಒಬ್ಬ ಗೋಲ್‌ಕೀಪರ್ ಇದ್ದ, ಹೋದ ಬೇಸಿಗೆಯಲ್ಲಿ ತೀರಿಕೊಂಡ. ಉಳಿದವನು ವಾಸಿಲ್ ಒಬ್ಬನೇ. ಆಗ ಡನ್ವಿಕ್ ತಂಡದ ಹಿಂಬದಿ ಆಟಗಾರನಾಗಿದ್ದು, ಆಮೇಲೆ ಈ ಊರಿನ ಹೆಣ್ಣನ್ನು ಮದುವೆಯಾಗಿ ಇಲ್ಲೇ ನೆಲೆಸಿದವನು. ಜಗಳವೆಂದರೆ ಎಲೆ ಹಾಸಿ ಕೂರುವ ಮನುಷ್ಯ, ಅವತ್ತು ತುಟಿ ಪಿಟಕ್ಕೆನ್ನಲಿಲ್ಲ.

ಡೆಲ್ಫೀನ್ ಎರಡು ಸಲ ಕೇಳಿದಳು. ವಾಸಿಲ್ ಕಾಫಿ ಕಲಕುತ್ತಲೇ ಇದ್ದ, ಅದಕ್ಕೆ ಸಕ್ಕರೆ ಹಾಕಿರಲೇ ಇಲ್ಲ.

“ಸರಿ, ಸಾಕ್ಷಿ ಇಲ್ಲ ಅಂದ್ಮೇಲೆ ಹೆಸರೂ ಇಲ್ಲ,” ಎಂದು ಡೆಲ್ಫೀನ್ ಗೆರೆ ಎಳೆಯಲು ಹೊರಟಳು. “ನಿಯಮ ಮಾಡಿದೋರು ನೀವೇ ಕಣ್ರಯ್ಯಾ, ನನ್ನನ್ನ ಬೈಬೇಡಿ.”

ಓರೆಸ್ಟ್ ಹೆಗಲು ಕುಣಿಸಿ ನಕ್ಕ. ಆ ನಗುವೇ ಕಾಸ್ಪರನಿಗೆ ತಡೆಯಲಾಗಲಿಲ್ಲ. ಕಾಲಂತೂ ಹೋಯಿತು, ಈಗ ಹೆಸರೂ ಹೋಗುವುದೇ? ಅವನು ಎದ್ದುನಿಂತ.

“ಬರಿ ಡೆಲ್ಫೀನ್, ಅವನ ಹೆಸರು ಬರಿ. ಅವತ್ತು ಸೀಳು ನೋಡಿದ್ದೆ ನಾನು. ಸರಿಯಾಗಿ ಮುಚ್ಚಲಿಲ್ಲ. ಓರೆಸ್ಟಾ, ನಿನ್ನ ಕಾಲು ಮುರಿದೋನು ನಾನೇ ಕಣೋ.”

ಕಾಸ್ಪರನಿಗೆ ಓರೆಸ್ಟನ ಮುಖ ನೋಡುವ ಧೈರ್ಯವಾಗಲಿಲ್ಲ, ಬನ್ನಿನ ತಟ್ಟೆಯನ್ನೇ ನೋಡುತ್ತ ನಿಂತ. ನಲವತ್ತಾರು ವರ್ಷ ನುಂಗಿಕೊಂಡದ್ದು ಒಂದೇ ಉಸಿರಿಗೆ ಹೊರಬಿದ್ದಿತ್ತು. ಇನ್ನು ಇವನು ಜನ್ಮದಲ್ಲಿ ಮಾತಾಡಿಸುವುದಿಲ್ಲ ಎಂದುಕೊಂಡ.

ಅಷ್ಟರಲ್ಲಿ ವಾಸಿಲ್ ಚಮಚ ಕೆಳಗಿಟ್ಟ.

“ಕೂತ್ಕೊಳ್ಳೋ ಕಾಸ್ಪರ್,” ಎಂದ. “ಆ ಸೀಳು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅದರ ಮೇಲೇ ನಾನೂ ಹಾದುಹೋದೆ.”

ಆಮೇಲೆ ಅವನು ಎದ್ದುನಿಂತು, ನಿಯಮದಂತೆ, ಸಾಕ್ಷಿ ನುಡಿದ. ಆ ಸಂಜೆ ಓರೆಸ್ಟ್ ತನ್ನನ್ನು ಮೂರು ಸಲ ದಾಟಿದ್ದ, ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ, ಮೂರನೆಯ ಸಲ ಕಾಲಿನ ಸಂದಿಯಲ್ಲೇ ಪಕ್ ತೂರಿಸಿ. ಡನ್ವಿಕ್‌ನ ಜನವೆಲ್ಲ ನೋಡಿ ನಕ್ಕಿದ್ದರು. ನಾಲ್ಕನೆಯ ಸಲ ಅವನು ದಾಟಿಹೋದಾಗ ರೆಫರಿಯ ಕಣ್ಣು ಬೇರೆಡೆ ಇತ್ತು. ಹಿಂದಿನಿಂದ ಕೋಲು ಚಾಚಿ, ತುದಿಯನ್ನು ಅವನ ಹಿಮ್ಮಡಿಗೆ ಸಿಕ್ಕಿಸಿ ಒಂದಿಷ್ಟೇ ಎಳೆದೆ ಎಂದ ವಾಸಿಲ್. ಬೀಳಿಸಬೇಕು ಅಂತಿತ್ತು, ಮುರಿಯಬೇಕು ಅಂತಿರಲಿಲ್ಲ. ಐಸ್ ಸರಿ ಇರಲಿಲ್ಲ ಎಂದು ಜನ ಹೇಳಿದಾಗ ತಾನು ಬದುಕಿದೆ ಎಂದುಕೊಂಡು ಸುಮ್ಮನಿದ್ದುಬಿಟ್ಟೆ ಎಂದ.

“ಅವನನ್ನ ನಿಲ್ಲಿಸೋಕೆ ನನಗೆ ಬೇರೆ ದಾರಿ ಇರಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಬರ್ಕೋ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಆ ಬರೆಯನ್ನು ಎಮ್ಮೆ ತಾನೇ ಎಳೆದುಕೊಂಡಿತ್ತು ಎನ್ನುವುದು ಬೇರೆ ಮಾತು. ಕಾಸ್ಪರನಿಗೆ ವಾಸಿಲನ ಕೆನ್ನೆಗೆ ಬಾರಿಸಬೇಕೆನಿಸಿತು, ಅವನನ್ನು ತಬ್ಬಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡಲಾಗದೆ ಕುರ್ಚಿಯಲ್ಲಿ ಕುಸಿದ. ಎದೆಯ ಮೇಲಿನ ಚಪ್ಪಡಿ ಕಲ್ಲು ಸರಿದು, ಉಸಿರು ಹೊಟ್ಟೆಯ ತಳದವರೆಗೂ ಇಳಿಯಿತು. ನನ್ನ ಐಸ್ ಗಟ್ಟಿಯಾಗಿತ್ತು, ನನ್ನ ಐಸ್ ಗಟ್ಟಿಯಾಗಿತ್ತು ಎಂದು ಒಳಗೊಳಗೇ ಹೇಳಿಕೊಂಡ. ಕಣ್ಣು ತುಂಬಿ ಬಂತು. ಡೆಲ್ಫೀನ್ ಸದ್ದಿಲ್ಲದೆ ಅವನ ಮುಂದೆ ಕಾಗದದ ಕರವಸ್ತ್ರ ಸರಿಸಿದಳು.

ಓರೆಸ್ಟ್ ಮೊದಲು ವಾಸಿಲನನ್ನು ನೋಡಿದ, ನೋಡಿದ ರೀತಿ ಚೆನ್ನಾಗಿರಲಿಲ್ಲ. ಆಮೇಲೆ ಕಾಸ್ಪರನ ಕಡೆ ತಿರುಗಿದ.

“ಅದಕ್ಕೇನೋ ನೀನು ನಮ್ಮನೆ ಬಾಗಿಲ ಹಿಮ ಎತ್ತುತ್ತಿದ್ದದ್ದು? ಇಷ್ಟು ವರ್ಷ? ನಿನಗೆ ಸಲಿಕೆ ಹುಚ್ಚು ಅಂದ್ಕೊಂಡಿದ್ದೆನಲ್ಲೋ ಮಾರಾಯ.”

ಕಾಸ್ಪರ್ ಹೌದೆಂದು ತಲೆಯಾಡಿಸಿದ. ಓರೆಸ್ಟ್ ಬೆರಳಿಗಂಟಿದ ಸಕ್ಕರೆ ಒರೆಸಿಕೊಂಡ.

“ಕಾಲಿನ ಸಿಟ್ಟು ಎಂದೋ ಸವೆದುಹೋಯ್ತು. ಆದರೆ ವಾಸಿಲ್, ಇವನ ಬೆನ್ನು ನೋಡು, ಬಗ್ಗಿ ಬಗ್ಗಿ ಬಿಲ್ಲಾಗಿದೆ. ಅದಕ್ಕೆ ನಿನ್ನನ್ನ ಬಿಡಲ್ಲ. ನಾಳೆಯಿಂದ ನಮ್ಮನೆ ಹಿಮ ನಿಂದು. ಆರು ಗಂಟೆ ಅಂದ್ರೆ ಆರು ಗಂಟೆ.”

ವಾಸಿಲ್ ಆಗಲಿ ಎಂದ. ಡೆಲ್ಫೀನ್ ಓರೆಸ್ಟನ ಹೆಸರು ಬರೆದು, ಅದರ ಕೆಳಗೆ ಕೇಳದೆಯೇ ಇನ್ನೊಂದು ಸಾಲು ಸೇರಿಸಿದಳು: ‘ಐಸ್ ಕಟ್ಟುವವನು: ಕಾಸ್ಪರ್.’ ಯಾರೂ ಸಾಕ್ಷಿ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಅಭ್ಯಾಸಬಲದಿಂದ ಕಾಸ್ಪರನಿಗೆ ಆರಕ್ಕೇ ಎಚ್ಚರವಾಯಿತು. ಹಿಂದಿನ ದಿನ ಹಿಡಿದ ಹಿಮ ಆಗಷ್ಟೇ ನಿಂತಿತ್ತು, ಮೊಣಕಾಲುದ್ದ ಬಿದ್ದಿತ್ತು. ಬೂಟು ಹಾಕಿಕೊಂಡು ಸಲಿಕೆಗೆ ಕೈಹಾಕಿದವನಿಗೆ ತಟ್ಟನೆ ನೆನಪಾಯಿತು. ಕಿಟಕಿಯ ಪರದೆ ಸರಿಸಿದ. ಎದುರುಮನೆಯ ದೀಪದ ಬೆಳಕಿನಲ್ಲಿ ವಾಸಿಲ್ ಬಗ್ಗಿ ಬಗ್ಗಿ ಹಿಮ ಎತ್ತುತ್ತಿದ್ದ, ಎತ್ತಿದ್ದರಲ್ಲಿ ಅರ್ಧ ಗಾಳಿಗೆ ವಾಪಸು ಅವನ ಮುಖಕ್ಕೇ ಬರುತ್ತಿತ್ತು. ಸಲಿಕೆ ಹಿಡಿಯುವುದು ಕೂಡ ಗೊತ್ತಿಲ್ಲ ಇವನಿಗೆ, ಎಂದುಕೊಂಡ ಕಾಸ್ಪರ್.

ಒಳಗಿನಿಂದ ಹೆಂಡತಿ, ಹೊರಗೆ ಹೋಗುವುದಿಲ್ಲವೇ ಎಂದು ಕೂಗಿದಳು.

“ಇಲ್ಲ ಕಣೇ,” ಎಂದು ಅವನು ಬೂಟು ಬಿಚ್ಚಿ, ಮತ್ತೆ ಹೋಗಿ ಅವಳ ಪಕ್ಕದಲ್ಲಿ ಮಲಗಿಕೊಂಡ.