ಅಮಾವಾಸ್ಯೆಯಂದು ಹೂಡದ ಗಾಡಿ

ಹವಾಲ್ದಾರ ಕರಿಬಸಯ್ಯ ನಮ್ಮ ಅಂಗಳಕ್ಕೆ ಬಂದು ಮೊದಲು ನೋಡಿದ್ದು ನನ್ನನ್ನಲ್ಲ, ನನ್ನ ತಮ್ಮ ಭೀಮೇಶನನ್ನೂ ಅಲ್ಲ. ಬೇವಿನ ಮರದ ಕೆಳಗೆ ನಿಂತಿದ್ದ ಟ್ರ್ಯಾಕ್ಟರನ್ನು. ಅದರ ಸುತ್ತ ಒಂದು ಸುತ್ತು ಬಂದು, ಮುಂದಿನ ಬಂಪರಿನ ಮೇಲೆ ಕೈಯಾಡಿಸಿ, ಬೆರಳು ನೋಡಿಕೊಂಡು, ಆಮೇಲೆ ಕೇಳಿದರು.

"ಇದರ ಮಾಲಕರು ಯಾರು?"

"ನಾನರಿ. ಯಶೋಧರಾ ಅಂತ." ನನ್ನ ಎದೆ ಆಗಲೇ ಧಸಕ್ಕೆಂದಿತ್ತು. ಆದರೆ ಎದೆ ಏನೇ ಆಗಲಿ, ನನ್ನ ದನಿ ಮಾತ್ರ ಯಾವಾಗಲೂ ಜೋರು.

ಹಿಂದಿನ ದಿನ ಅಮಾವಾಸ್ಯೆ. ಹೊತ್ತು ಮುಳುಗುವಾಗ ಮಸ್ಕಿ ರಸ್ತೆಯಲ್ಲಿ ಕುರಿ ದಾಟಿಸುತ್ತಿದ್ದ ಗುರುಗುಂಟಾದ ಮಾಳಿಂಗಪ್ಪನಿಗೆ ಟ್ರ್ಯಾಕ್ಟರೊಂದು ಗುದ್ದಿ ಹೋಗಿತ್ತು. ನಿಲ್ಲಿಸಿರಲಿಲ್ಲ. ಕೆಂಪು ಬಣ್ಣ, ಹೊಸ ಗಾಡಿ, ಹಿಂದೆ ಟ್ರಾಲಿ ಇರಲಿಲ್ಲ, ವಳಕಮದಿನ್ನಿ ಕಡೆ ತಿರುಗಿತು ಎಂದು ಯಾರೋ ಹೇಳಿದ್ದರು. ವಳಕಮದಿನ್ನಿ ನಮ್ಮೂರು. ಕೆಂಪು ಬಣ್ಣದ ಹೊಸ ಗಾಡಿ ನಮ್ಮದು. ಮಾಳಿಂಗಪ್ಪ ರಾಯಚೂರಿನ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದ.

"ಉಳಿದ್ರ ಒಂದು ಕೇಸು, ಹೋದ್ರ ಇನ್ನೊಂದು," ಎಂದರು ಕರಿಬಸಯ್ಯ, ಭೀಮೇಶನ ಮುಖ ನೋಡುತ್ತ.

ಭೀಮೇಶ ನೆಲ ನೋಡುತ್ತಿದ್ದ. ಗಾಡಿ ನನ್ನ ಹೆಸರಲ್ಲಿದ್ದರೂ ಓಡಿಸುವವನು ಅವನೇ. ಬಾಯಿ ಬಿಟ್ಟು ಒಂದು ಮಾತಾಡಬಾರದೇ ಎಂದು ನನಗೆ ಸಿಟ್ಟು ಬಂತು. ಅವನು ಮಾತಾಡದಿದ್ದರೆ ನಾನಿಲ್ಲವೇ?

"ಅಮಾಸಿ ದಿನ ನಾವು ಗಾಡಿ ಹೂಡಂಗಿಲ್ಲರಿ," ಎಂದೆ.

ಎತ್ತು ಹೋಗಿ ಟ್ರ್ಯಾಕ್ಟರ್ ಬಂದು ಎಷ್ಟೋ ಕಾಲವಾಯಿತು. ಆದರೂ ನಮ್ಮ ಕಡೆ ಟ್ರ್ಯಾಕ್ಟರನ್ನು 'ಹೂಡುವುದು' ಎಂದೇ ಅನ್ನುತ್ತಾರೆ. ಅಮಾವಾಸ್ಯೆಯಂದು ಹೂಡುವುದಿಲ್ಲ ಅಂದರೆ ಹೊಲಕ್ಕೆ, ಬಾಡಿಗೆಗೆ ಕಳಿಸುವುದಿಲ್ಲ ಎಂದರ್ಥ. ನನಗೆ ಅಮಾವಾಸ್ಯೆ, ಹುಣ್ಣಿಮೆಯ ಹುಚ್ಚೇನಿಲ್ಲ. ಬೌದ್ಧ ದೀಕ್ಷೆ ತಗೊಂಡು ಬುದ್ಧನ ಫೋಟೋ ತಂದಿಟ್ಟ ದಿನವೇ ಮನೆಯೊಳಗಿನ ಕಾಯಿ, ಕರ್ಪೂರ ಎಲ್ಲ ಬಂದ್ ಮಾಡಿಸಿದ್ದೆ. ಆದರೆ ಆ ದಿನ ಊರಲ್ಲಿ ಯಾರೂ ಗಾಡಿ ಕರೆಯುವುದಿಲ್ಲವಾದ್ದರಿಂದ ಇದೊಂದಕ್ಕೆ ಮಾತ್ರ ಒಪ್ಪಿಕೊಂಡಿದ್ದೆ.

"ಹೂಡಿಲ್ಲ ಅಂದ್ರ? ಚಾಲೂನ ಮಾಡಿಲ್ಲ ಅಂತ ಬರಕೊಳ್ಲೇನು?"

"ಬರಕೊಳ್ರಿ."

ಅಮಾವಾಸ್ಯೆಯಂದು ನಾನು ಕತ್ತಲಾಗುವವರೆಗೆ ಮಸ್ಕಿಯ ಆಸ್ಪತ್ರೆಯ ಲ್ಯಾಬಿನಲ್ಲಿ ಡ್ಯೂಟಿಯಲ್ಲಿದ್ದೆ. ಮನೆಯಲ್ಲಿ ಏನಾಯಿತೆಂದು ನಾನೇನು ಕಂಡಿದ್ದೆ? ಆದರೂ ಬರೆದುಕೊಳ್ಳಿ ಎಂದೆ, ಸಹಿಯನ್ನೂ ಮಾಡಿದೆ. ಅಷ್ಟಕ್ಕೇ ಸುಮ್ಮನಿರದೆ ಇನ್ನೂ ಒಂದು ಹೇಳಿದೆ: "ಸೀಟಿನ ಕೆಳಗ ಡಬ್ಬಿ ಐತಿ ನೋಡ್ರಿ. ಗಾಡಿ ಯಾವಾಗ ಚಾಲು ಆತು, ಎಲ್ಲಿ ಹೋತು, ಎಲ್ಲಾ ಕಂಪನಿಗಿ ಗೊತ್ತಾಕೈತಿ. ಅವ್ರನ್ನ ಕೇಳ್ರಿ. ಯಾರ್ಯಾರದೋ ಮಾತು ಯಾಕ ಕೇಳ್ತೀರಿ?"

ಕರಿಬಸಯ್ಯನವರಿಗೆ ಖುಷಿಯಾಯಿತು. "ಬರೋಬರಿ ಹೇಳಿದ್ರಿ ಮೇಡಂ. ಇವತ್ತ ಕಂಪನಿಗಿ ಬರೀತೀವಿ. ಅಲ್ಲೀತನಾ ಗಾಡಿ ಅಲ್ಲಾಡಿಸಬ್ಯಾಡ್ರಿ." ಅವರು ಹೋದರು. ನನ್ನ ತಾಯಿ ಪೀರಮ್ಮ ಬಾಗಿಲಲ್ಲಿ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಭೀಮೇಶ ಅವಳನ್ನು ನೋಡಿದ, ಅವಳು ಅವನನ್ನು ನೋಡಿದಳು. ನನ್ನನ್ನು ಇಬ್ಬರೂ ನೋಡಲಿಲ್ಲ.

ಪೊಲೀಸರ ಪತ್ರ ಹೋಗಿ ಉತ್ತರ ಬರುವವರೆಗೆ ಕೈಕಟ್ಟಿ ಕೂರುವುದು ನನ್ನ ಜಾಯಮಾನವಲ್ಲ. ಮರುದಿನ ರಜೆ ಹಾಕಿ ಸಿಂಧನೂರಿನ ಶೋರೂಮಿಗೆ ಹೋದೆ. ಗಾಡಿ ಕೊಡುವಾಗ ಅಲ್ಲಿಯ ಮ್ಯಾನೇಜರ್ ರಾಜೇಶ ಅಕ್ಕಾ ಅಕ್ಕಾ ಎಂದು ಹಿಂದೆ ಮುಂದೆ ಓಡಾಡಿ, ನನ್ನ ಮೊಬೈಲಿಗೆ ಆ್ಯಪ್ ಹಾಕಿಕೊಟ್ಟಿದ್ದ. ಆ ಆ್ಯಪಿನಲ್ಲಿ ಗಾಡಿ ಈಗ ಎಲ್ಲಿದೆ ಎನ್ನುವುದಷ್ಟೇ ಕಾಣುತ್ತದೆ. ಗಾಡಿ ಈಗ ಬೇವಿನ ಮರದ ಕೆಳಗಿದೆ ಎಂದು ತಿಳಿಯಲು ನನಗೆ ಮೊಬೈಲ್ ಬೇಕೇ?

"ಹಳೇ ರೆಕಾರ್ಡು ಕಂಪನೀದು ಅಕ್ಕ," ಎಂದ ರಾಜೇಶ. "ನಮಗೂ ಪೂರಾ ಕಾಣಂಗಿಲ್ಲ."

"ಗಾಡಿ ನಂದು. ಅದು ಎಲ್ಲಿ ಹೋಗಿತ್ತು ಅನ್ನದು ಕಂಪನೀದ? ಇದ್ಯಾವ ನ್ಯಾಯಪ್ಪ?"

"ನೀವು ಸಹಿ ಮಾಡೀರಲ್ಲಕ್ಕ, ಗಾಡಿ ತಗೊಳ್ಳಾಗ."

ಯಾರು ಓದುತ್ತಾರೆ ಅದನ್ನೆಲ್ಲ. ನಾನು ಎದ್ದು ಹೋಗುವವಳಲ್ಲ ಎಂದು ಗೊತ್ತಾಗಿ ಅವನು ಕಂಪ್ಯೂಟರನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಸರ್ವಿಸಿಗೆಂದು ಅವರಿಗೆ ಇಂಜಿನ್ ಎಷ್ಟು ಓಡಿದೆ ಎನ್ನುವುದು ಕಾಣುತ್ತದಂತೆ. ಅಮಾವಾಸ್ಯೆಯ ತಾರೀಕು ಹೇಳಿದೆ. ಅವನು ಒತ್ತಿದ, ನೋಡಿದ, ನನ್ನ ಕಡೆ ನೋಡಿದ.

"ಅವತ್ತು ಚಾಲು ಆಗೇತಲ್ಲಕ್ಕ. ಸಂಜಿ ಮುಂದ."

"ಎಲ್ಲಿ?" ಎಂದೆ. ನನ್ನ ದನಿ ನನಗೇ ಕೇಳಲಿಲ್ಲ.

"ಜಾಗ ನನಗ ತೋರ್ಸಂಗಿಲ್ಲ. ಅದು ಕಂಪನಿಯವರ ಕಡೇನ ಇರತೈತಿ. ಪೊಲೀಸರು ಕೇಳಿದ್ರ ಕೊಡ್ತಾರ."

ಪೊಲೀಸರು ಕೇಳಿಯಾಗಿತ್ತು. ಕೇಳಿಸಿದವಳು ನಾನೇ.

ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕಾಲುವೆಯ ನೀರು, ಭತ್ತದ ಗದ್ದೆ ನೋಡುತ್ತಿದ್ದರೂ ಕಣ್ಣಿಗೆ ಕಾಣುತ್ತಿದ್ದುದು ನೆಲ ನೋಡುತ್ತ ನಿಂತ ಭೀಮೇಶ. ಅವನು ಯಾಕೆ ಮಾತಾಡಲಿಲ್ಲ? ಅವ್ವ ಯಾಕೆ ಸೆರಗು ಬಾಯಿಗೆ ಒತ್ತಿಕೊಂಡಳು? ಇಬ್ಬರಿಗೂ ಗೊತ್ತಿದೆ. ನನಗೊಬ್ಬಳಿಗೇ ಗೊತ್ತಿಲ್ಲ. ಗುದ್ದಿದವನು ಇವನೇ ಆದರೆ? ಮಾಳಿಂಗಪ್ಪ ಕಣ್ಣು ಬಿಡದೇ ಹೋದರೆ? ಇವನ ಕೈಗೆ ಬೇಡಿ ಹಾಕಿ ಒಯ್ಯುವಾಗ ಅವ್ವನನ್ನು ಹಿಡಿಯುವವರು ಯಾರು? ಕಿಟಕಿಯ ಸರಳಿಗೆ ಹಣೆ ಒತ್ತಿದೆ. ಪಕ್ಕದಲ್ಲಿದ್ದ ಹೆಣ್ಣುಮಗಳು ನಿಂಬೆಹುಳಿ ಪೆಪ್ಪರಮೆಂಟು ಕೊಟ್ಟಳು. ಬಾಯಿಗೆ ಹಾಕಿಕೊಂಡೆ.

ಮನೆಗೆ ಬಂದು ಅವನನ್ನು ನೇರ ಕೇಳಿಬಿಡಬೇಕೆಂದುಕೊಂಡೆ. ಊರೆಲ್ಲರನ್ನೂ ನಿಲ್ಲಿಸಿ ಕೇಳುವ ನನಗೆ ನನ್ನ ತಮ್ಮನನ್ನು ಕೇಳಲು ಬಾಯಿ ಬರಲಿಲ್ಲ. ಹೌದು ಎಂದರೆ ಏನು ಮಾಡಲಿ? ಇಲ್ಲ ಎಂದರೆ ನಂಬುತ್ತೇನೆಯೇ? ಅವನು ಉಣ್ಣುವುದನ್ನು ನೋಡುತ್ತ ಕೂತೆ. ಅವನು ಅರ್ಧ ರೊಟ್ಟಿ ಬಿಟ್ಟು ಎದ್ದ.

ಬೆಳಗಾಗುತ್ತಲೇ ಟ್ರ್ಯಾಕ್ಟರಿನ ಹತ್ತಿರ ಹೋದೆ. ಬಂಪರು ಕರಿಬಸಯ್ಯ ನೋಡಿದ್ದರು. ನಾನು ಬಗ್ಗಿ ಗಾಲಿ ನೋಡಿದೆ. ಮುಂದಿನ ಎಡಗಡೆಯ ಗಾಲಿಯ ಒಳಮಗ್ಗುಲಲ್ಲಿ, ಟೈರಿನ ಸಂದಿಯಲ್ಲಿ, ಒಣಗಿ ಅಂಟಿಕೊಂಡ ಕೆಂಪು ಕಲೆಯಿತ್ತು.

ದಿನಾ ರಕ್ತ ನೋಡುವವಳು ನಾನು. ಆದರೂ ಒಣಗಿದ ಈ ಕಲೆ ರಕ್ತವೇ ಅಲ್ಲವೇ ಎಂದು ಬರೀ ಕಣ್ಣಿಂದ ಹೇಳಲಾಗಲಿಲ್ಲ. ಪರ್ಸಿನಲ್ಲಿದ್ದ ಹತ್ತಿಯನ್ನೂ ಆಸ್ಪತ್ರೆಯ ಪುಟ್ಟ ಡಬ್ಬಿಯನ್ನೂ ತೆಗೆದು, ಹತ್ತಿ ಒದ್ದೆ ಮಾಡಿ, ಆ ಕಲೆಯನ್ನು ತಿಕ್ಕಿ ತಿಕ್ಕಿ ತೆಗೆದೆ. ಹತ್ತಿ ಕೆಂಪಾಯಿತು. ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸುವಾಗ ಹಿಂದೆ ಯಾರೋ ನಿಂತಂತಾಯಿತು. ಭೀಮೇಶ, ಕೈಯಲ್ಲಿ ನೀರಿನ ಬಕೆಟ್ಟು.

"ಏನ್ ಮಾಡಾಕತ್ತೀಯಕ್ಕ?"

"ಏನಿಲ್ಲ. ಧೂಳು..." ಎಂದೆ.

ಅವನು ನನ್ನ ಕೈಯಲ್ಲಿದ್ದ ಡಬ್ಬಿ ನೋಡಿದ. ಆಸ್ಪತ್ರೆಯಲ್ಲಿ ಸ್ಯಾಂಪಲ್ ತುಂಬುವ ಡಬ್ಬಿ ಅದು, ಅವನಿಗೂ ಗೊತ್ತು. ಆಮೇಲೆ ಗಾಲಿಯ ಸ್ವಚ್ಛವಾದ ಜಾಗ ನೋಡಿದ. ಬಕೆಟ್ಟು ಅಲ್ಲೇ ಇಟ್ಟು ಒಳಗೆ ಹೋದ.

ಲ್ಯಾಬಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಗಾಯ ತೊಳೆಯುವ ಪೆರಾಕ್ಸೈಡ್ ರಕ್ತದ ಮೇಲೆ ಬಿದ್ದರೆ ಬುರುಬುರು ನೊರೆ ಬರುತ್ತದೆ. ಹತ್ತಿಯನ್ನು ತಟ್ಟೆಯಲ್ಲಿಟ್ಟು ಒಂದು ಹನಿ ಬಿಟ್ಟೆ. ಕಣ್ಣು ಮುಚ್ಚಿಕೊಂಡಿದ್ದೆ ಎಂದು ಹೇಳಲು ನಾಚಿಕೆಯೇನಿಲ್ಲ. ತೆರೆದು ನೋಡಿದರೆ ನೊರೆಯಿಲ್ಲ. ಇನ್ನೊಂದು ಹನಿ ಬಿಟ್ಟೆ. ಕೆಂಪು ಬಣ್ಣ ತಟ್ಟೆಯ ತುಂಬ ತೆಳ್ಳಗೆ ಹರಡಿತು, ನೊರೆ ಮಾತ್ರ ಬರಲಿಲ್ಲ. ಹತ್ತಿಯ ಎಳೆಗಳ ನಡುವೆ ಏನೋ ಸಣ್ಣದೊಂದು ಗಟ್ಟಿಯಾಗಿತ್ತು. ಚಿಮಟದಿಂದ ಎತ್ತಿ ಬೆಳಕಿಗೆ ಹಿಡಿದೆ. ನಿಂಬೆಹಣ್ಣಿನ ಬೀಜ.

ಕುಂಕುಮ ಹಚ್ಚಿದ ನಿಂಬೆಹಣ್ಣನ್ನು ಗಾಲಿಗೆ ಕೊಟ್ಟು, ಗಾಡಿ ಚಾಲು ಮಾಡಿ ಅದರ ಮೇಲೆ ಹಾಯಿಸುವ ಅಮಾವಾಸ್ಯೆಯ ಪೂಜೆ! ನನ್ನ ಕಣ್ಣು ತಪ್ಪಿಸಿ ಅವ್ವ ಮಾಡಿಸಿದ್ದಾಳೆ. ನನ್ನ ಬಾಯಿಗೆ ಹೆದರಿ ಇಬ್ಬರೂ ಮುಚ್ಚಿಟ್ಟಿದ್ದಾರೆ. ನಗು ಬಂತು, ನಗುತ್ತಲೇ ಅತ್ತೆ. ಆದರೆ ಹೆದರಿಕೆ ಪೂರ್ತಿ ಬಿಡಲಿಲ್ಲ. ಪೂಜೆ ಮಾಡಿದ ಗಾಡಿ ಆಮೇಲೆ ರಸ್ತೆಗೆ ಇಳಿಯಬಾರದೆಂದೇನಿದೆ? ಅದು ಕಂಪನಿಯ ಕಾಗದದಲ್ಲಿತ್ತು. ಅಷ್ಟರಲ್ಲಿ ಫೋನ್ ಬಂತು.

"ಕಾಗದ ಬಂದೈತಿ ಮೇಡಂ. ಠಾಣೆಗಿ ಬರ್ರಿ. ನಿಮ್ಮ ತಮ್ಮನ್ನ ಕರಿಸೀವಿ," ಎಂದರು ಕರಿಬಸಯ್ಯ.

ನಾನು ಹೋದಾಗ ಭೀಮೇಶ ಬೆಂಚಿನ ತುದಿಯಲ್ಲಿ ಕೈ ಕಟ್ಟಿಕೊಂಡು ಕೂತಿದ್ದ. ಅವನ ಜತೆ ಬಂದಿದ್ದ ಅವ್ವ ನೆಲದ ಮೇಲೆ ಕೂತಿದ್ದಳು. ಕರಿಬಸಯ್ಯನವರ ಮುಖದಲ್ಲಿ ಮೊದಲಿನ ಖುಷಿಯಿರಲಿಲ್ಲ.

"ಚಾಲು ಮಾಡಿಲ್ಲ ಅಂತ ಸಹಿ ಹಾಕೀರಿ. ಇಲ್ಲಿ ಸಂಜಿ ಚಾಲು ಆಗೇತಿ ಅಂತ ಐತಿ. ಸುಳ್ಳು ಯಾಕ ಹೇಳಿದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಎದ್ದಳು. "ಆಕಿ ಸುಳ್ಳು ಹೇಳಿಲ್ಲರಿ ಸಾಹೇಬ್ರ. ಆಕಿಗಿ ಗೊತ್ತಿಲ್ಲ. ನಾವು ಹೂಡಿಲ್ಲ, ಪೂಜಿ ಮಾಡೀವಿ. ನಿಂಬಿಹಣ್ಣು ಇಟ್ಟು ಹಾಯಿಸಂದಾಕಿ ನಾನು. ಅಕ್ಕಗ ಹೇಳಿದ್ರ ನನ್ನ ಆಣಿ ಐತಿ ನೋಡು ಅಂತ ಇವನ ಬಾಯಿ ಕಟ್ಟಿದ್ದೆ. ನನ್ನ ಬೇಕಾದ್ರ ಒಳಗ ಹಾಕ್ರಿ."

ಕರಿಬಸಯ್ಯ ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು. ಅವರ ಮನೆಯಲ್ಲೂ ಮೋಟಾರ್ ಸೈಕಲ್ಲಿಗೆ ಇದೇ ನಡೆಯುತ್ತಿರಬೇಕು. ಇನ್ನೊಂದು ಹಾಳೆ ತಿರುವಿದರು. ಅದರಲ್ಲಿ ನಕ್ಷೆಯಿತ್ತು. ಮೇಜಿನ ಈಚೆ ನಿಂತು, ತಲೆಕೆಳಗಾಗಿ ಕಾಣುತ್ತಿದ್ದ ಅದನ್ನೇ ನೋಡಿದೆ. ಗಾಡಿ ರಸ್ತೆಗೆ ಹೋಗಿದ್ದರೆ ಗೆರೆ ಇರಬೇಕು. ಗೆರೆ ಇರಲಿಲ್ಲ. ನಮ್ಮ ಮನೆಯ ಮೇಲೆ ಒಂದು ಚುಕ್ಕೆ, ಅಷ್ಟೆ.

"ಅಂಗಳ ಬಿಟ್ಟು ಹೋಗಿಲ್ಲ," ಎಂದರು ಕರಿಬಸಯ್ಯ. "ಹೋಗ್ರಿ. ಇನ್ನಮ್ಯಾಗ ಕಣ್ಣಾರೆ ನೋಡಲಾರದ್ದು ಹೇಳಬ್ಯಾಡ್ರಿ."

"ನನಗೊಂದು ಕಾಪಿ ಕೊಡ್ರಿ."

"ಇದು ಕಂಪನಿ ನಮಗ ಕಳಿಸಿದ್ದು ಮೇಡಂ. ನಿಮಗ ಕೊಡಾಕ ಬರಂಗಿಲ್ಲ."

ಜಗಳ ಮಾಡುವ ಶಕ್ತಿ ಆ ಹೊತ್ತು ನನ್ನಲ್ಲಿರಲಿಲ್ಲ. ಹೊರಗೆ ಬಂದು ಭೀಮೇಶನ ಹೆಗಲ ಮೇಲೆ ಕೈಯಿಟ್ಟೆ. ಅವನು ಕೈ ಸರಿಸಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. "ಆ ಆಸ್ಪತ್ರಿ ಡಬ್ಬಿಯೊಳಗ ಏನ್ ಸಿಕ್ತಕ್ಕ?" ಎಂದು ಮೆಲ್ಲಗೆ ಕೇಳಿದ. ಸಿಟ್ಟಿನಿಂದ ಕೇಳಿದ್ದರೆ ತಾಳಿಕೊಳ್ಳುತ್ತಿದ್ದೆ. ಅವನ ಹೆಗಲ ಮೇಲಿಟ್ಟ ಕೈಯನ್ನು ನಾನೇ ತೆಗೆದುಕೊಂಡೆ.

ಮರುದಿನ ಅವನು ಗಾಡಿ ಹೂಡಿಕೊಂಡು ಕೆಲಸಕ್ಕೆ ಹೋದ. ನಾನು ಲ್ಯಾಬಿನಲ್ಲಿ ಒಬ್ಬ ಮುದುಕಿಯ ತೋಳಿಗೆ ಪಟ್ಟಿ ಬಿಗಿಯುತ್ತಿದ್ದಾಗ ಫೋನ್ ಬಂತು. ಭೀಮೇಶ. ಮಾಳಿಂಗಪ್ಪನ ಸುದ್ದಿಯೋ, ಮತ್ತೆ ಪೊಲೀಸರೋ ಎಂದು ಜೀವ ಹಾರಿಹೋಯಿತು.

"ಅಕ್ಕಾ, ದಢೇಸುಗೂರಿಗೆ ಬಂದೀನಿ. ಕಾಲುವಿ ಬಾಜೂಕಿನ ಗದ್ದ್ಯಾಗ ಅದೀನಿ," ಎಂದ.

"ಯಾಕೋ? ಏನಾತು?"

"ಏನಾಗಿಲ್ಲ. ಕಂಪನಿಗಿ ಗೊತ್ತಾಗೂಕಿಂತ ಮೊದಲ ನಿನಗ ಗೊತ್ತಿರಲಿ ಅಂತ."

ಫೋನ್ ಇಟ್ಟ. ಮುದುಕಿಯ ರಕ್ತ ತೆಗೆದು ಚೀಟಿ ಅಂಟಿಸುವುದರೊಳಗೆ ಮತ್ತೆ ಬಂತು.

"ಈಗ ಗಾಡಿ ಬಂದ್ ಮಾಡೀನಕ್ಕ. ಚಹಾ ಕುಡಿಯಾಕತ್ತೀನಿ."

"ಸಾಕು ಮಾಡೋ ತಮ್ಮಾ. ನಾ ಕೇಳಿಲ್ಲಲ್ಲ," ಎಂದೆ.

"ಇಲ್ಲಕ್ಕ, ಇರಲಿ," ಎಂದ ಅವನು. "ಕುಡದ ಮ್ಯಾಲ ಮತ್ತ ಚಾಲು ಮಾಡ್ತೀನಿ. ಮಾಡಿದಾಗ ಹೇಳ್ತೀನಿ."